ದಕ್ಷಿಣಕ್ಕೆ ಹಾರದ ಹೆಬ್ಬಾತು

ಬರ್ಬ್ಯಾಂಕ್, ಕ್ಯಾಲಿಫೋರ್ನಿಯಾ
9 ಅಕ್ಟೋಬರ್ 2004

ಲಾರಿಸಾ,

ಮೊದಲು ಕೂತುಕೋ, ಆಮೇಲೆ ಓದು. ಪನಾಸ್ ಸಿನಿಮಾ ಆಗುತ್ತಿದ್ದಾನೆ!

ಹೌದು, ನಮ್ಮ ಪನಾಸೇ. ಚಳಿಗಾಲದಲ್ಲಿ ನಮ್ಮಿಬ್ಬರನ್ನೂ ಒಂದೇ ರಜಾಯಿಯೊಳಗೆ ತುರುಕಿ ಅಪ್ಪ ಹೇಳುತ್ತಿದ್ದನಲ್ಲ, ಎಲ್ಲ ಹಕ್ಕಿಗಳೂ ದಕ್ಷಿಣಕ್ಕೆ ಹಾರಿಹೋದರೂ ಹೋಗದೆ ಹೆಪ್ಪುಗಟ್ಟಿದ ನದಿಯ ಮೇಲೆ ಉಳಿಯುವ ಮೊಂಡ ಹೆಬ್ಬಾತು, ಅವನೇ. ನಾನು ಸುಮ್ಮನೆ ಊಟದ ಹೊತ್ತಿನಲ್ಲಿ ಕಥೆ ಹೇಳಿದೆ, ಜೊತೆಗೆ ನಾಲ್ಕು ಚಿತ್ರ ಗೀಚಿ ತೋರಿಸಿದೆ. ಸ್ಟುಡಿಯೋದ ದೊಡ್ಡವರು ಚಮಚ ಕೆಳಗಿಟ್ಟು ಕೇಳಿದರು. ಈಗ ಅದು ಪೂರಾ ಕಂಪ್ಯೂಟರಿನಲ್ಲಿ ಮಾಡುವ ದೊಡ್ಡ ಚಿತ್ರ. ನಿರ್ದೇಶಕ ನಾನೇ. ಏಳು ವರ್ಷ ಬೇರೆಯವರ ಕಾರ್ಟೂನು ಅಳಿಲುಗಳ ಬಾಲ ಅಲ್ಲಾಡಿಸಿದ್ದಕ್ಕೆ ಸಿಕ್ಕ ಬಹುಮಾನ ಅಂತ ಇಟ್ಟುಕೋ.

ಒಂದು ಸಹಾಯ ಬೇಕು. ಅಪ್ಪನ ಧ್ವನಿ ಬೇಕು. ಪನಾಸ್ ಮಾತಾಡುವುದನ್ನು ನಾನೆಷ್ಟು ಬಾಯಲ್ಲಿ ಮಾಡಿ ತೋರಿಸಿದರೂ ಇಲ್ಲಿಯವರಿಗೆ ಅದು ಸಿಗುತ್ತಿಲ್ಲ. ಮೈಕು, ಯಂತ್ರ, ಹೇಳಬೇಕಾದ ಮಾತುಗಳ ಹಾಳೆ ಎಲ್ಲವನ್ನೂ ಪಾರ್ಸೆಲ್ ಮಾಡಿದ್ದೇನೆ. ಕೋಟು ನೇತುಹಾಕುವ ಬೀರುವಿನೊಳಗೆ ಅಪ್ಪನನ್ನು ನಿಲ್ಲಿಸಿ ಬಾಗಿಲು ಹಾಕು, ಬಟ್ಟೆಗಳ ನಡುವೆ ಪ್ರತಿಧ್ವನಿ ಬರುವುದಿಲ್ಲ. ಅಪ್ಪ ಮಾತಿನ ಮಧ್ಯೆ ನಿಲ್ಲಿಸುತ್ತಾನಲ್ಲ, ಅದನ್ನು ದಯವಿಟ್ಟು ತಿದ್ದಬೇಡ. ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನಿಲ್ಲಿಸಲಿ.

ನಿನ್ನ ಪುಟ್ಟಿ ಟೆಸ್ಸಾಗೆ ಮಾಮನ ಮುತ್ತು.

ರೋಮನ್


ವಿನ್ನಿಪೆಗ್, ಮ್ಯಾನಿಟೋಬಾ
3 ನವೆಂಬರ್ 2004

ರೋಮಾ,

ನಿನ್ನ ಕಾಗದ ಓದಿ ನಾನು ಅಡುಗೆಮನೆಯಲ್ಲೇ ಕಿರುಚಿದೆ. ಕೆಳಗಿನ ಮನೆಯ ಮಿಸೆಸ್ ಫ್ರೀಸನ್ ಪೊಲೀಸರಿಗೆ ಫೋನ್ ಮಾಡಬೇಕಾ ಅಂತ ಕೇಳಲು ಬಂದಳು.

ನೀನು ಹೇಳಿದ ಹಾಗೇ ಮಾಡಿದೆವು. ಅಪ್ಪ ಶನಿವಾರ ಕ್ಷೌರ ಮಾಡಿಸಿಕೊಂಡು, ಚರ್ಚಿಗೆ ಹಾಕುವ ಅಂಗಿ ತೊಟ್ಟು ಬಂದ. "ಮೈಕಿಗೆ ನಿನ್ನ ಅಂಗಿ ಕಾಣಲ್ಲಪ್ಪಾ" ಅಂದೆ. "ಮೈಕಿಗೆ ಕಾಣಲ್ಲ, ನಂಗೆ ಗೊತ್ತಾಗುತ್ತಲ್ಲ" ಅಂದ. ಬೀರುವಿನೊಳಗೆ ನನ್ನ ಚಳಿಗಾಲದ ಕೋಟುಗಳ ನಡುವೆ ಅವನನ್ನು ನಿಲ್ಲಿಸಿ, ಕೈಗೆ ಟಾರ್ಚು ಕೊಟ್ಟು ಬಾಗಿಲು ಹಾಕಿದೆ. ನೋಡಿದರೆ ಟೆಸ್ಸಾ ಮೊದಲೇ ಹೋಗಿ ಬೂಟುಗಳ ಮೇಲೆ ಕೂತಿದ್ದಳು! ಎಳೆದರೂ ಬರಲಿಲ್ಲ. "ಇರ್ಲಿ ಬಿಡೇ, ಕೇಳೋರು ಒಬ್ರಾದ್ರೂ ಬೇಡ್ವಾ? ಖಾಲಿ ಕೋಟಿಗೆ ಕಥೆ ಹೇಳ್ಲಾ?" ಅಂತ ಅಪ್ಪನೇ ಬೈದ.

ನಾನು ಹೊರಗೆ ಬಾಗಿಲಿಗೆ ಕಿವಿಯಿಟ್ಟು ನಿಂತಿದ್ದೆ. "ಎಲ್ರೂ ಹೋಗ್ಲಿ..." ಅಂದು ಅಪ್ಪ ನಿಲ್ಲಿಸಿದ. ನಾಲ್ಕು ವರ್ಷದ ಆ ಹುಡುಗಿ ಉಸಿರು ಬಿಗಿಹಿಡಿದದ್ದು ನನಗೆ ಆಚೆ ಕೇಳಿಸಿತು. ಆಮೇಲೆ, "ಯಾರಾದ್ರೂ ಒಬ್ರು... ನದೀನ ನೋಡ್ಕೋಬೇಕಲ್ಲ." ಅಮ್ಮ ಆ ಮನುಷ್ಯನ ಜೊತೆ ದಕ್ಷಿಣಕ್ಕೆ, ಫೀನಿಕ್ಸಿಗೆ ಹೋದ ವರ್ಷ ಅವನು ಈ ಕಥೆ ಶುರುಮಾಡಿದ್ದು ನಿನಗೆ ನೆನಪಿದೆಯೋ ಇಲ್ಲವೋ, ನೀನಾಗ ಆರು ವರ್ಷದವನು. ನನಗೆ ನೆನಪಿದೆ.

ಅಪ್ಪ ಕರ್ಲಿಂಗ್ ಕ್ಲಬ್ಬಿನಲ್ಲಿ, ಐಸಿನ ಮೇಲೆ ಕಲ್ಲು ಜಾರಿಸುವ ಅಷ್ಟೂ ಜನರಿಗೆ ಹೇಳಿಯಾಗಿದೆ. ಮೂವತ್ತು ವರ್ಷ ಆ ಕ್ಲಬ್ಬಿನ ಐಸು ನೋಡಿಕೊಂಡವನು, ಅವನ ಮಾತನ್ನು ಯಾರೂ ಇಷ್ಟು ಗಮನವಿಟ್ಟು ಕೇಳಿರಲಿಲ್ಲವಂತೆ. ಈಗ ಅವನು ಐಸಿನ ಮೇಲೆ ಕಾಲಿಟ್ಟರೆ ಸಾಕು, "ಬಂದ ನೋಡ್ರೋ ಹಾಲಿವುಡ್!" ಅಂತ ರೇಗಿಸುತ್ತಾರೆ. ಸಿಟ್ಟು ಬಂದವನ ಹಾಗೆ ಮುಖ ಮಾಡುತ್ತಾನೆ, ಆದರೆ ದಿನಾ ಹೋಗುತ್ತಾನೆ. ಅಪ್ಪನ ಹೆಸರು ಪರದೆಯ ಮೇಲೆ ಬರುತ್ತದಾ ಅಂತ ಕೇಳುತ್ತಿದ್ದಾರೆ. ಏನು ಹೇಳಲಿ?

ಲಾರಿಸಾ


ಬರ್ಬ್ಯಾಂಕ್
21 ಫೆಬ್ರವರಿ 2005

ಲಾರಿಸಾ,

ತಡವಾಯಿತು, ಕ್ಷಮಿಸು. ಮನೆಗೆ ಬರುವುದೇ ನಿದ್ದೆಗೆ ಅನ್ನುವಂತಾಗಿದೆ.

ಅಪ್ಪನ ಧ್ವನಿ ಇಲ್ಲಿ ಎಲ್ಲರಿಗೂ ತುಂಬಾ ಇಷ್ಟವಾಗಿದೆ. ಚಿತ್ರದ ಅಷ್ಟೂ ಕೆಲಸ ಈಗ ಅದರ ಮೇಲೆಯೇ ನಡೆಯುತ್ತಿದೆ. ಕೊಕ್ಕು ಆಡಿಸುವ ಹುಡುಗರು ದಿನವಿಡೀ ಕಿವಿಗೆ ಅಪ್ಪನನ್ನೇ ಹಾಕಿಕೊಂಡು ಕೂತಿರುತ್ತಾರೆ. ಹೆಸರು ಪರದೆಯ ಮೇಲೆ ಖಂಡಿತ ಬರುತ್ತದೆ, ಕ್ಲಬ್ಬಿನವರಿಗೆ ಹೇಳು.

ಒಂದೆರಡು ಸಣ್ಣ ಬದಲಾವಣೆ ಇದೆ. ಪನಾಸ್ ಅನ್ನುವ ಹೆಸರು ಇಲ್ಲಿ ಯಾರ ಬಾಯಲ್ಲೂ ಹೊರಳುತ್ತಿಲ್ಲ, ಹಾಗಾಗಿ ಅವನು ಈಗ 'ಸ್ಕೂಟ್'. ನದಿಯ ಮೇಲೆ ಸುಮ್ಮನೆ ಕೂತಿರುವುದು ಮಕ್ಕಳಿಗೆ ಬೇಸರ ಅಂತ ಒಂದು ನರಿ, ಒಂದು ಜಾರುಬಂಡಿ ಪಂದ್ಯ ಸೇರಿಸಿದ್ದೇವೆ. ಆತ್ಮ ಹಾಗೇ ಇದೆ. ನನ್ನನ್ನು ನಂಬು.

ರೋಮನ್


ವಿನ್ನಿಪೆಗ್
14 ಸೆಪ್ಟೆಂಬರ್ 2005

ರೋಮಾ,

ಪೋರ್ಟೇಜ್ ರಸ್ತೆಯ ಬಸ್ ನಿಲ್ದಾಣದಲ್ಲಿ ಪೋಸ್ಟರು ಹಾಕಿದ್ದಾರೆ! ಅಪ್ಪನನ್ನು ಕರೆದುಕೊಂಡು ಹೋಗಿ ತೋರಿಸಿದೆ. ಕನ್ನಡಕ ಒರೆಸಿಕೊಂಡು ಎರಡು ಬಸ್ಸು ಹೋಗುವ ತನಕ ನೋಡಿದ. ಹೆಬ್ಬಾತಿಗೆ ಕಪ್ಪು ಕನ್ನಡಕ ಯಾಕೆ ಅಂದ. ಐಸಿನ ಮೇಲೆ ಬಿಸಿಲು ಬಿದ್ದರೆ ಕಣ್ಣು ಕುಕ್ಕುತ್ತದೆ, ಅದಕ್ಕೇ ಇರಬೇಕು ಅಂತ ಅವನೇ ಉತ್ತರ ಹೇಳಿಕೊಂಡ.

ಪೋಸ್ಟರಿನ ತಲೆಯಲ್ಲಿ ದೊಡ್ಡಕ್ಷರದಲ್ಲಿ ಆ ಹಾಸ್ಯನಟನ ಹೆಸರಿದೆಯಲ್ಲ, ಅವನು ನರಿ ತಾನೆ? ಬಾಯಿಬಡುಕ, ನರಿಗೆ ಹೇಳಿ ಮಾಡಿಸಿದ ಧ್ವನಿ. ಅಪ್ಪನೂ ಅದೇ ಅಂದ: "ನರಿ ಅವ್ನೇ. ಅವನ್ ಜೊತೆ ನಾನ್ ಮಾತಾಡೋ ಸೀನು ಹೆಂಗ್ ಬಂದಿದೆಯೋ ಏನೋ, ಬೀರೂಲಿ ನನ್ ಜೊತೆ ಇದ್ದಿದ್ದು ಟೆಸ್ಸಾ ಒಬ್ಳೇ."

ಕ್ಲಬ್ಬಿನವರು ಮೊದಲ ದಿನದ ಆಟಕ್ಕೆ ಎರಡು ಸಾಲು ಪೂರ್ತಿ ಕಾದಿರಿಸಿದ್ದಾರೆ. ಎಲ್ಲರೂ ಕ್ಲಬ್ಬಿನ ಜಾಕೆಟ್ಟು ಹಾಕಿಕೊಂಡು ಬರಬೇಕಂತೆ. ಚರ್ಚಿನ ಹೆಂಗಸರು ಆಮೇಲಿನ ಊಟಕ್ಕೆ ಆಲೂಗಡ್ಡೆ ತುಂಬಿದ ಪೆರೋಗಿ ಕಡುಬು ಮಾಡಿ ಫ್ರೀಜರಿಗೆ ಹಾಕಲು ಶುರುಮಾಡಿದ್ದಾರೆ. ನೀನೂ ಬಂದರೆ ಎಷ್ಟು ಚೆನ್ನಾಗಿರುತ್ತದೆ.

ಲಾರಿಸಾ


ಬರ್ಬ್ಯಾಂಕ್
17 ಅಕ್ಟೋಬರ್ 2005

ಲಾರಿಸಾ,

ಅವಸರದಲ್ಲಿ ಬರೆಯುತ್ತಿದ್ದೇನೆ. ಮೊದಲ ದಿನವೇ ಹೋಗಬೇಡಿ. ಗಲಾಟೆ, ನೂಕುನುಗ್ಗಲು, ಅಪ್ಪನಿಗೆ ಆಗಿಬರುವುದಿಲ್ಲ. ನಾನು ಕ್ರಿಸ್ಮಸ್ಸಿಗೆ ಬರಲು ನೋಡುತ್ತೇನೆ, ಆಗ ಮನೆಯವರಷ್ಟೇ ಕೂತು ನೋಡೋಣ. ಕ್ಲಬ್ಬಿನವರ ಸೀಟುಗಳನ್ನು ಹಿಂದಿರುಗಿಸಲು ಸಾಧ್ಯವಾ ವಿಚಾರಿಸು.

ಸಿನಿಮಾ ಅಂದಮೇಲೆ ಕೊನೆಯ ಗಳಿಗೆಯವರೆಗೂ ಏನೇನೋ ಬದಲಾಗುತ್ತಿರುತ್ತದೆ. ಅಪ್ಪನಿಗೆ ಇಷ್ಟು ಹೇಳಿದರೆ ಸಾಕು.

ರೋಮನ್


ವಿನ್ನಿಪೆಗ್
23 ನವೆಂಬರ್ 2005

ರೋಮನ್,

ಸಿನಿಮಾ ನೋಡಿದೆವು. ಹಿಮ ನಿಜವಾದ ಹಿಮದ ಹಾಗೇ ಇದೆ, ಗರಿಗಳೂ ಚೆನ್ನಾಗಿವೆ. ಟೆಸ್ಸಾ ಜಾರುಬಂಡಿ ಪಂದ್ಯದಲ್ಲಿ ಚಪ್ಪಾಳೆ ತಟ್ಟಿದಳು. ಅಪ್ಪ ನಿನಗೆ ಶುಭಾಶಯ ಹೇಳು ಅಂದಿದ್ದಾನೆ.

ಇಲ್ಲಿ ಚಳಿ ಜೋರಾಗಿದೆ. ರಾತ್ರಿ ಕಾರಿಗೆ ಎಂಜಿನ್ ಬೆಚ್ಚಗಿಡುವ ಪ್ಲಗ್ಗು ಸಿಕ್ಕಿಸದಿದ್ದರೆ ಬೆಳಿಗ್ಗೆ ಅದು ಏಳುವುದಿಲ್ಲ.

ಲಾರಿಸಾ


ಬರ್ಬ್ಯಾಂಕ್
8 ಡಿಸೆಂಬರ್ 2005

ಲಾರಾ,

ನಿನ್ನ ಕಾಗದ ಓದಿ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು! ನೀವೆಲ್ಲ ಬೇಜಾರು ಮಾಡಿಕೊಳ್ಳುತ್ತೀರೇನೋ ಅಂತ ಎರಡು ತಿಂಗಳಿಂದ ನನಗೆ ಅನ್ನ ಸೇರುತ್ತಿರಲಿಲ್ಲ. ಅಪ್ಪ ದೊಡ್ಡ ಮನಸ್ಸಿನವನು, ಅರ್ಥಮಾಡಿಕೊಂಡ.

ನಮ್ಮ ಕೆಲಸದಲ್ಲಿ ಇದೊಂದು ರೂಢಿ. ಚಿತ್ರ ಕಟ್ಟುವಾಗ ಆಫೀಸಿನವರದೋ ಮನೆಯವರದೋ ಧ್ವನಿಯನ್ನು ತಾತ್ಕಾಲಿಕವಾಗಿ ಹಾಕಿಕೊಂಡಿರುತ್ತೇವೆ. ಕಟ್ಟಡಕ್ಕೆ ಸಾರುವೆ ಕಟ್ಟಿದ ಹಾಗೆ. ಆಮೇಲೆ ನಟ ಬಂದು ಅದನ್ನು ಕೇಳಿ ತನ್ನದನ್ನು ಹಾಕುತ್ತಾನೆ. ಇಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ, ನಿಮಗೂ ಗೊತ್ತಿದೆ ಅಂದುಕೊಂಡಿದ್ದೆ. ಆದರೂ ಅಪ್ಪನನ್ನೇ ಉಳಿಸಿಕೊಳ್ಳೋಣ ಅಂತ ನಾನು ಕೊನೆಯವರೆಗೂ ಗುದ್ದಾಡಿದೆ. ಮೇಲಿನವರು ಕೇಳಲಿಲ್ಲ. ಹೆಸರಿರುವ ನಟ ಬೇಕೇ ಬೇಕು ಅಂದರು.

ಈಗ ಒಳ್ಳೆಯ ಸುದ್ದಿ. ಪತ್ರಿಕೆಯವರು ಚಿತ್ರವನ್ನು ಹರಿದು ಹಾಕಿದ್ದಾರೆ ನಿಜ, ಆದರೆ ಆಟಿಕೆಗಳು ಚೆನ್ನಾಗಿ ಹೋಗುತ್ತಿವೆ. ಹಾಗಾಗಿ ಟೀವಿ ಧಾರಾವಾಹಿ ಬರುತ್ತದೆ, 'ಸ್ಕೂಟ್ ಮತ್ತು ಗ್ಯಾಂಗ್'. ವ್ಯಾಂಕೂವರಿನಲ್ಲಿ ಕಡಿಮೆ ಖರ್ಚಿನಲ್ಲಿ ಮಾಡುತ್ತಾರೆ. ಆ ನಟ ಟೀವಿಗೆಲ್ಲ ಬರುವುದಿಲ್ಲ. ಸ್ಕೂಟ್‌ಗೆ ಹೊಸ ಧ್ವನಿ ಹುಡುಕುತ್ತಿದ್ದಾರೆ. ಅಪ್ಪ ಒಂದು ಮಾದರಿ ಕಳಿಸಲಿ! ಮೈಕು ನಿನ್ನ ಹತ್ತಿರವೇ ಇದೆ. ಪಾತ್ರದ ಮೂಲವೇ ಅವನು, ಅವನನ್ನು ಬಿಟ್ಟು ಇನ್ಯಾರನ್ನು ತೆಗೆದುಕೊಳ್ಳುತ್ತಾರೆ?

ಕ್ರಿಸ್ಮಸ್ಸಿಗೆ ಬರಲಾಗುತ್ತಿಲ್ಲ. ಸಿನಿಮಾದ ಡಿವಿಡಿ ಬಂದಮೇಲೆ ನಾನೇ ವಿಶೇಷ ಪ್ರತಿ ಕಳಿಸುತ್ತೇನೆ, ನೀವು ಕೊಳ್ಳಬೇಡಿ.

ರೋಮನ್


ವಿನ್ನಿಪೆಗ್
4 ಜನವರಿ 2006

ರೋಮನ್,

ಅರ್ಥಮಾಡಿಕೊಂಡನಂತೆ! ನಾನು ಏನೂ ಬರೆಯದಿದ್ದದ್ದನ್ನು ನೀನು ಹೀಗೆ ಓದಿಕೊಂಡೆಯಾ? ಹಾಗಾದರೆ ಬರೆಯುತ್ತೇನೆ, ಕೇಳು.

ನೀನು ಬೇಡ ಅಂದರೂ ಮೊದಲ ದಿನವೇ ಹೋದೆವು. ಎರಡು ಸಾಲು ಕೆಂಪು ಜಾಕೆಟ್ಟು. ಮಧ್ಯದಲ್ಲಿ ಅಪ್ಪ, ಅದೇ ಚರ್ಚಿನ ಅಂಗಿ. ದೀಪ ಆರಿತು. ನದಿ ಬಂತು, ಹಿಮ ಬಂತು, ಹೆಬ್ಬಾತು ನಮ್ಮ ಕಡೆ ತಿರುಗಿತು. ಕ್ಲಬ್ಬಿನ ಗೆಳೆಯ ಬಿಲ್ ಮಕೋಸ್ಕಿ ಅಪ್ಪನ ಭುಜ ಹಿಡಿದು ಅಲುಗಿಸಿ, "ಬಂತು ಮೈರನ್, ಬಂತು!" ಅಂದ. ಕೊಕ್ಕು ತೆರೆಯಿತು. "ಚಳಿ ಗಿಳಿ ಓಡೋಗ್ಲಿ, ಸ್ಕೂಟ್ ಬಂದಾಯ್ತು, ದಾರಿ ಬಿಡ್ರೋ!" ಅಂತ ಆ ಬಾಯಿಬಡುಕನ ಧ್ವನಿ. ಹಿಂದೆಯೇ ಹೂಸಿನ ಸದ್ದು. ಥಿಯೇಟರಿನಲ್ಲಿದ್ದ ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು.

ನಮ್ಮ ಎರಡು ಸಾಲಿನವರೆಲ್ಲ ಅಪ್ಪನ ಕಡೆ ತಿರುಗಿದರು. ಅಪ್ಪ ಮುಂದಕ್ಕೆ ಬಾಗಿದ. ಮೊದಲ ಹೆಬ್ಬಾತು ಬೇರೆ ಇರಬಹುದು, ಪನಾಸ್ ಇನ್ನೇನು ಬರುತ್ತಾನೆ ಅಂತ ಕಾಯುತ್ತಿದ್ದ, ರೋಮಾ. ಅರ್ಧ ಸಿನಿಮಾ ಮುಗಿಯುವವರೆಗೂ ಕಾದ. ಆಮೇಲೆ ಹಿಂದಕ್ಕೆ ಒರಗಿಕೊಂಡು ಪಾಪ್‌ಕಾರ್ನ್ ಡಬ್ಬಿಯನ್ನು ಟೆಸ್ಸಾಗೆ ಕೊಟ್ಟ.

ಕೊನೆಗೆ ಏನು ಮಾಡಿದೆ ನೀನು? ಅವನನ್ನು ದಕ್ಷಿಣಕ್ಕೆ ಹಾರಿಸಿಬಿಟ್ಟೆ! ಸಮುದ್ರ ತೀರ, ಕಪ್ಪು ಕನ್ನಡಕ, ಕುಣಿತ. ಉಳಿದುಕೊಂಡವನು ಪೆದ್ದ, ಬಿಟ್ಟುಹೋದವರೇ ಜಾಣರು ಅಂತ. ಆತ್ಮ ಹಾಗೇ ಇದೆ ಅಂದಿದ್ದೆಯಲ್ಲ, ಯಾರ ಆತ್ಮ ಅದು? ಅಮ್ಮನದಾ, ನಿನ್ನದಾ?

ಹೆಸರುಗಳ ಪಟ್ಟಿ ಓಡುವಾಗ ಯಾರೂ ಏಳಲಿಲ್ಲ. ಕಸ ಗುಡಿಸುವವರು ಬಂದು ನಿಂತರೂ ಕೆಂಪು ಜಾಕೆಟ್ಟಿನವರೆಲ್ಲ ಹಠ ಹಿಡಿದು ಕೂತಿದ್ದರು. ಕಟ್ಟಕಡೆಗೆ, ಊಟ ಒದಗಿಸಿದವರ ಹೆಸರಿನ ಕೆಳಗೆ, 'ಕೃತಜ್ಞತೆಗಳು' ಅನ್ನುವ ಕಡೆ ಅಪ್ಪನ ಹೆಸರು ಬಂತು. ಅದೂ ಓದುವಷ್ಟರಲ್ಲಿ ಹೋಯಿತು. ಬಿಲ್ ಒಬ್ಬನೇ ಚಪ್ಪಾಳೆ ತಟ್ಟಿದ. ಆಮೇಲೆ ಎಲ್ಲರೂ ತಟ್ಟಿದರು. ಅದಕ್ಕಿಂತ ಅವರು ಬೈದಿದ್ದರೆ ವಾಸಿಯಿತ್ತು.

ಊಟಕ್ಕೆ ಅಪ್ಪ ಬಂದ. ಪೆರೋಗಿ ತಿಂದ. "ಹಾಲಿವುಡ್" ಅಂತ ಆ ದಿನದಿಂದ ಅವನನ್ನು ಯಾರೂ ರೇಗಿಸಿಲ್ಲ.

ಮಾದರಿ ಕಳಿಸುವುದು ಬೇಡ ಅಂತ ನಾನು ಬಡಿದುಕೊಂಡೆ. ಅಪ್ಪ ಕೇಳಲಿಲ್ಲ. "ಪಾಪ, ಅವ್ನು ಗುದ್ದಾಡಿದಾನೆ ಅಂತ ಬರ್ದಿದಾನಲ್ಲೇ. ಮೇಲಿನೋರು ಬೇಡ ಅಂದ್ರೆ ಅವ್ನೇನ್ ಮಾಡ್ತಾನೆ? ಈಗ ಮತ್ತೊಂದ್ ಸಲ ನಂಗೋಸ್ಕರ ದಾರಿ ಮಾಡಿದಾನೆ. ಬೇಡ ಅಂದ್ರೆ ಮಗನ್ ಮುಖ ಏನಾಗ್ಬೇಡ?" ನಿನ್ನ ಮುಖ ಉಳಿಸಲು ಆ ಮನುಷ್ಯ ಮತ್ತೆ ಬೀರುವಿನೊಳಗೆ ಹೋಗಿ ನಿಂತ. ಡಿಸ್ಕು ವ್ಯಾಂಕೂವರಿಗೆ ಹೋಗಿದೆ.

ಲಾರಿಸಾ


ಬರ್ಬ್ಯಾಂಕ್
2 ಮಾರ್ಚ್ 2006

ಲಾರಿಸಾ,

ನಿನ್ನ ಕಾಗದ ಓದಿದೆ. ಚಿತ್ರದ ಕೊನೆ ಹಾಗಾದದ್ದು ನನ್ನ ಕೈಯಲ್ಲಿರಲಿಲ್ಲ ಅಂತಷ್ಟೇ ಹೇಳಬಲ್ಲೆ. ನೀನು ಅಲ್ಲೇ ಇದ್ದವಳು, ಈ ಊರು ಹೇಗೆ ನಡೆಯುತ್ತದೆ ಅಂತ ನಿನಗೆ ಗೊತ್ತಿಲ್ಲ.

ವ್ಯಾಂಕೂವರಿನಿಂದ ಅಪ್ಪನಿಗೆ ಉತ್ತರ ಬಂತಾ? ನಾನು ಒಂದು ಮಾತು ಹೇಳಿದ್ದೇನೆ. ಅವರು ಸ್ವಲ್ಪ ನಿಧಾನ.

ರೋಮನ್


ವಿನ್ನಿಪೆಗ್
19 ಮಾರ್ಚ್ 2006

ರೋಮನ್,

ಬಂತು. ಒಬ್ಬ ಹುಡುಗಿ ಫೋನ್ ಮಾಡಿದಳು. ಬಹಳ ಮರ್ಯಾದಸ್ಥೆ. ಅಪ್ಪ ಸ್ಪೀಕರಿಗೆ ಹಾಕಿದ, ನಾನೂ ಕೇಳಲಿ ಅಂತ.

"ಸರ್, ನಿಮ್ ಧ್ವನಿ ತುಂಬಾ ಚೆನ್ನಾಗಿದೆ. ಆದ್ರೆ ಸ್ಕೂಟ್ ಥರ ಕೇಳ್ಸಲ್ಲ" ಅಂದಳು.

ಅಪ್ಪ ಸುಮ್ಮನಿದ್ದ. ಅವನ ಸುಮ್ಮನಿರುವಿಕೆ ಎಷ್ಟು ಉದ್ದ ಅಂತ ನಿನಗೆ ಗೊತ್ತಲ್ಲ. ಲೈನು ಕಟ್ಟಾಯಿತು ಅಂದುಕೊಂಡು ಅವಳು ಹಲೋ ಹಲೋ ಅಂದಳು. "ಇಲ್ಲೇ ಇದೀನಮ್ಮ" ಅಂದ ಅಪ್ಪ. "ಹೆಂಗಿದ್ರೆ ಅವನ್ ಥರ ಕೇಳ್ಸುತ್ತೆ?" ಆ ನಟ ಹೇಗೆ ಮಾಡಿದ್ದಾನೋ ಅದನ್ನು ಕೇಳಿ ಹಾಗೇ ಮಾಡಬೇಕು ಅಂತ ಅವಳು ಪಾಪ ವಿವರಿಸಿದಳು. ಆ ನಟ ಯಾರನ್ನು ಕೇಳಿ ಮಾಡಿದ್ದು ಅಂತ ಅವಳಿಗೆ ಗೊತ್ತಿಲ್ಲ. ನೀನು ಹೇಳಿಲ್ಲ. ಒಂದು ಮಾತು ಹೇಳಿದ್ದೇನೆ ಅಂದೆಯಲ್ಲ, ಅದು ಯಾವ ಮಾತು? ನಾನು ಫೋನು ಕಿತ್ತುಕೊಂಡು, ಇವರು ಸ್ಕೂಟ್ ಮಾಡಿದವನ ಅಪ್ಪ ಕಣಮ್ಮಾ ಅಂದರೆ, "ಓ, ಹೌದಾ? ಇಲ್ಲಿ ಯಾರಿಗೂ ಗೊತ್ತೇ ಇಲ್ವಲ್ಲ!" ಅಂದಳು.

ನನಗೆ ಸಾಕಾಗಿದೆ. ಸ್ವಲ್ಪ ದಿನ ಬರೆಯಬೇಡ.

ಲಾರಿಸಾ


ಬರ್ಬ್ಯಾಂಕ್
12 ಡಿಸೆಂಬರ್ 2006

ಲಾರಾ,

ಒಂಬತ್ತು ತಿಂಗಳು ಸುಮ್ಮನಿದ್ದೆ. ಹಬ್ಬಕ್ಕಾದರೂ ಬರೆಯಬಹುದು ಅಂದುಕೊಂಡು ಬರೆಯುತ್ತಿದ್ದೇನೆ. ಟೆಸ್ಸಾಗೆ ಸ್ಕೂಟ್ ಬೊಂಬೆ ಕಳಿಸಿದ್ದೇನೆ. ಹೊಟ್ಟೆ ಒತ್ತಿದರೆ ಮಾತಾಡುತ್ತದೆ. ಧಾರಾವಾಹಿ ಶುರುವಾಗಿದೆ. ನಾನು ನೋಡಿಲ್ಲ, ನಿಜ ಹೇಳಬೇಕೆಂದರೆ ನೋಡಲಾಗುವುದಿಲ್ಲ. ಗರಿಗಳು ತಗಡಿನ ಹಾಗಿವೆ, ಹಿಮ ಸಾಬೂನಿನ ನೊರೆಯ ಹಾಗಿದೆ. ಎರಡನೆಯ ಸಿನಿಮಾ ಬೇರೆಯವರಿಗೆ ಕೊಟ್ಟಿದ್ದಾರೆ. ನಾನು ಮತ್ತೆ ಇನ್ನೊಬ್ಬರ ಅಳಿಲುಗಳ ಬಾಲ ಅಲ್ಲಾಡಿಸುತ್ತಿದ್ದೇನೆ.

ಅಪ್ಪ ಹೇಗಿದ್ದಾನೆ? ಫೋನ್ ಮಾಡಿದರೆ "ಎಲ್ಲ ಚೆನ್ನಾಗಿದೆ ಮಗಾ" ಅಂತಾನೆ, ಆಮೇಲೆ ಹವಾಮಾನ ಹೇಳುತ್ತಾನೆ.

ರೋಮನ್


ವಿನ್ನಿಪೆಗ್
26 ಮಾರ್ಚ್ 2007

ರೋಮನ್,

ನೀನು ಕಳಿಸುತ್ತೇನೆ ಅಂದಿದ್ದ ಡಿವಿಡಿ ಬರಲೇ ಇಲ್ಲ. ಮರೆತಿರಬೇಕು ಅಂದುಕೊಂಡಿದ್ದೆ. ಮಿಸೆಸ್ ಫ್ರೀಸನ್ ಟೆಸ್ಸಾಳ ಹುಟ್ಟುಹಬ್ಬಕ್ಕೆ ಅದನ್ನೇ ತಂದುಕೊಟ್ಟಳು. ನೀನು ಯಾಕೆ ಕಳಿಸಲಿಲ್ಲ ಅಂತ ಈಗ ಗೊತ್ತಾಯಿತು.

ಭಾನುವಾರ ಮಧ್ಯಾಹ್ನ. ಕೇಕು ತಿಂದು ಆಗಿತ್ತು. ಟೆಸ್ಸಾ ಸಿನಿಮಾ ಮುಗಿಸಿ ಕೊನೆಯಲ್ಲಿರುವ 'ಚಿತ್ರ ಹೇಗಾಯಿತು' ಅನ್ನುವುದನ್ನು ಒತ್ತಿದಳು. "ಗೀಡೋ, ಗೀಡೋ, ಬಾ, ರೋಮಾ ಮಾಮ ಟೀವೀಲಿ!" ಅಂತ ಅಜ್ಜನನ್ನು ಕೈಹಿಡಿದು ಎಳೆದು ತಂದಳು. ನೀನು ಹೆಬ್ಬಾತಿನ ಚಿತ್ರದ ಅಂಗಿ ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದೆ. ಚೆನ್ನಾಗಿ ಕಾಣುತ್ತಿದ್ದೆ. ಅಪ್ಪ ಖುಷಿಯಿಂದ ನಿನ್ನ ಹತ್ತಿರವೇ ನೆಲದ ಮೇಲೆ ಕೂತ.

ನೀನು ಹೇಳಿದ್ದು ನಿನಗೆ ನೆನಪಿಲ್ಲದಿರಬಹುದು. ಟೆಸ್ಸಾ ಅದನ್ನು ತಿರುಗಿಸಿ ತಿರುಗಿಸಿ ಹಾಕಿದ್ದರಿಂದ ನನಗೆ ಬಾಯಿಪಾಠ ಆಗಿದೆ. "ಮೊದ್ಲು ಯಾರೋ ಒಬ್ಬ ಮುದುಕನ ಧ್ವನಿ ಹಾಕಿದ್ವಿ. ಜನವರಿ ಚಳೀಲಿ ಟ್ರ್ಯಾಕ್ಟರ್ ಸ್ಟಾರ್ಟ್ ಮಾಡಿದ್ ಹಾಗೆ. 'ಎಲ್ರೂ ಹೋಗ್ಲಿ...' ಅಂದು ನಿಲ್ಸಿದ್ರೆ ನಾವ್ ಹೋಗಿ ಕಾಫಿ ಕುಡ್ದು ಬರ್ಬೋದಿತ್ತು! ಸ್ಟುಡಿಯೋದೋರು ಚೆನ್ನಾಗಿದೆ, ಇರ್ಲಿ ಅಂತಿದ್ರು. ನಾನೇ ಹಠ ಹಿಡ್ದೆ. ಇದನ್ನ ಇಟ್ಕೊಂಡ್ರೆ ಮಕ್ಳು ನಿದ್ದೆ ಹೋಗ್ತಾರೆ, ತೆಗೀರಿ ಅಂದೆ." ಕ್ಯಾಮೆರಾ ಹಿಂದಿದ್ದವರೆಲ್ಲ ನಕ್ಕರು. ನೀನೂ ನಕ್ಕೆ.

ಯಾರೋ ಒಬ್ಬ ಮುದುಕ!

ಅವರು ಇರಲಿ ಅಂದಿದ್ದರು, ರೋಮನ್. ತೆಗೆಸಿದವನು ನೀನು. ಮೇಲಿನವರು ಅಂತ ನಮಗೆ ಬರೆದೆಯಲ್ಲ, ಆ ಕಾಗದವನ್ನು ಅಪ್ಪ ಕ್ಲಬ್ಬಿಗೆ ತೆಗೆದುಕೊಂಡು ಹೋಗಿ ಬಿಲ್‌ಗೆ ಓದಿ ಹೇಳಿದ್ದ. "ನೋಡು, ನನ್ ಮಗ ಗುದ್ದಾಡಿದಾನೆ" ಅಂತ. ಬೇರೆಯವರು ಮೋಸ ಮಾಡಿದ್ದರೆ ಸಿಟ್ಟು ಮಾಡಿ ಸುಮ್ಮನಾಗುತ್ತಿದ್ದೆ. ನೀನು ಅವನ ಕಥೆ ತೆಗೆದುಕೊಂಡೆ, ಅವನ ಧ್ವನಿ ತೆಗೆದುಕೊಂಡೆ, ಸಾಲದು ಅಂತ ಅವನನ್ನೇ ನಗೆಯಾಡಿ, ನಿನ್ನ ಅಪ್ಪ ಅಂತ ಹೇಳಲಿಕ್ಕೂ ನಾಚಿದೆ. ನಿನ್ನನ್ನು ನಾನು ಕ್ಷಮಿಸುವುದಿಲ್ಲ.

ಅಪ್ಪ ಏನಂದ ಅಂತ ಕೇಳಬೇಕಾ? ಟೆಸ್ಸಾ ಎರಡನೇ ಸಲ ಹಾಕಿದಾಗ ಪೂರ್ತಿ ನೋಡಿದ. ಎದ್ದು ಮಂಡಿ ಒರೆಸಿಕೊಂಡು, "ನನ್ ಥರಾನೇ ಚೆನ್ನಾಗ್ ಮಾಡ್ದ. ನಿಲ್ಸೋ ಜಾಗ ಸರಿಯಾಗ್ ಹಿಡ್ದಿದಾನೆ" ಅಂದ. ಆಮೇಲೆ ಪಾತ್ರೆ ತೊಳೆಯಲು ಹೋದ.

ಅವತ್ತು ಮಲಗುವಾಗ ಟೆಸ್ಸಾ ಪನಾಸ್ ಕಥೆ ಕೇಳಿದಳು. ಅಪ್ಪ ಶುರುಮಾಡಿದ. ಒಂದೇ ಸಾಲು ಹೇಳಿದ್ದ. "ಹಾಗಲ್ಲ ಗೀಡೋ, ತಪ್ಪು! ಅವ್ನು ಹಂಗ್ ಮಾತಾಡಲ್ಲ" ಅಂದಳು. ಬೊಂಬೆಯನ್ನು ಎತ್ತಿ, ಹೊಟ್ಟೆ ಒತ್ತಿ, ಅವನ ಕಿವಿಗೆ ಹಿಡಿದಳು. "ಹಿಂಗೆ. ಕೇಳ್ಕೋ."

ಲಾರಿಸಾ


ಬರ್ಬ್ಯಾಂಕ್
30 ಅಕ್ಟೋಬರ್ 2007

ಲಾರಿಸಾ,

ಏಳು ತಿಂಗಳಲ್ಲಿ ಎಷ್ಟು ಕಾಗದ ಶುರುಮಾಡಿ ಹರಿದೆ ಅಂತ ಹೇಳಿ ಪ್ರಯೋಜನವಿಲ್ಲ. ಆ ಸಂದರ್ಶನದಲ್ಲಿ ಅವರು ತಮಾಷೆಯಾಗಿ ಏನಾದರೂ ಹೇಳಿ ಅಂದರು, ನಾನು ಹೇಳಿದೆ. ಅದಕ್ಕಿಂತ ಒಳ್ಳೆಯ ಕಾರಣ ನನ್ನ ಹತ್ತಿರ ಇಲ್ಲ.

ಸ್ಟುಡಿಯೋದವರು ಹಳೆಯ ಸಾಮಾನು ಎಸೆಯುತ್ತಿದ್ದರು. ಅಪ್ಪನ ಮೊದಲ ಧ್ವನಿಮುದ್ರಣ ಪೂರ್ತಿ ಸಿಕ್ಕಿತು, ಯಾವುದನ್ನೂ ಕತ್ತರಿಸಿಲ್ಲ. ಈ ಕಾಗದದ ಜೊತೆ ಡಿಸ್ಕು ಇಟ್ಟಿದ್ದೇನೆ. ಟೆಸ್ಸಾಗೆ ಕೇಳಿಸು. ಅದು ಅವಳ ಹತ್ತಿರ ಇರಲಿ.

ಕ್ರಿಸ್ಮಸ್ಸಿಗೆ ಬರಬೇಕು ಅಂತಿದ್ದೇನೆ. ಟಿಕೆಟ್ಟು ತೆಗೆದಿಲ್ಲ. ನೀನು ಬೇಡ ಅಂದರೆ ಬರುವುದಿಲ್ಲ. ಅಪ್ಪನ ಬಾಯಲ್ಲಿ ಪನಾಸ್ ಕಥೆ ಒಂದು ಸಲ ಕೇಳಬೇಕು ಅನ್ನಿಸುತ್ತಿದೆ. ಇದನ್ನು ಕೇಳುವ ಮುಖ ನನಗಿಲ್ಲ ಅಂತ ಗೊತ್ತು.

ರೋಮಾ


ವಿನ್ನಿಪೆಗ್
2 ಡಿಸೆಂಬರ್ 2007

ರೋಮಾ,

ಬಾ. ಬೇಡ ಅನ್ನಲು ಇದು ನನ್ನೊಬ್ಬಳ ಮನೆಯಲ್ಲ, ಅಪ್ಪ ಆಗಲೇ ನಿನ್ನ ಹಾಸಿಗೆಗೆ ಹೊಸ ರಜಾಯಿ ತಂದಿದ್ದಾನೆ.

ಡಿಸ್ಕು ತಲುಪಿತು. ಟೆಸ್ಸಾಗೆ ಕೇಳಿಸಿದೆ. ಬೀರುವಿನೊಳಗೆ ಬೂಟುಗಳ ಮೇಲೆ ಕೂತು ಉಸಿರು ಬಿಗಿಹಿಡಿದವಳಿಗೆ ಈಗ ಅದೊಂದೂ ನೆನಪಿಲ್ಲ. ಸ್ವಲ್ಪ ಹೊತ್ತು ಕೇಳಿ, "ಅಮ್ಮಾ, ಇದು ನಿಂತು ನಿಂತು ಬರ್ತಿದೆ, ಡಿಸ್ಕು ಹಾಳಾಗಿದೆ" ಅಂದು ಆಡಲು ಹೋದಳು. ನಾನು ಅದನ್ನು ಕೋಟುಗಳ ಬೀರುವಿನಲ್ಲಿ ಇಟ್ಟುಕೊಂಡಿದ್ದೇನೆ. ಅವರಿಬ್ಬರೂ ಮನೆಯಲ್ಲಿ ಇಲ್ಲದಾಗ ಕೇಳುತ್ತೇನೆ.

ನೀನು ಬರುವ ಮೊದಲು ಒಂದು ವಿಷಯ ತಿಳಿದಿರಲಿ. ಅಪ್ಪ ಕಲಿತುಬಿಟ್ಟಿದ್ದಾನೆ. ಸೆಪ್ಟೆಂಬರ್ ಪೂರ್ತಿ ಟೆಸ್ಸಾ ಶಾಲೆಗೆ ಹೋದಮೇಲೆ ಗ್ಯಾರೇಜಿನಲ್ಲಿ ಕೂತು ಬೊಂಬೆಯ ಹೊಟ್ಟೆ ಒತ್ತಿ ಒತ್ತಿ ಕಲಿತ. ನಾನು ಕಸ ಹಾಕಲು ಹೋದಾಗ ಸಿಕ್ಕಿಬಿದ್ದ. "ಏನಪ್ಪಾ ಇದು ನಿನ್ನ ಅವತಾರ?" ಅಂದೆ. "ಮಗೂಗೆ ಯಾವ್ದು ಬೇಕೋ ಅದನ್ ಹೇಳ್ಬೇಕಲ್ಲೇ. ನಂದೇನ್ ಹೋಗುತ್ತೆ?" ಅಂದ. ಈಗ ಅವನು ಎಲ್ಲೂ ನಿಲ್ಲಿಸುವುದಿಲ್ಲ. ಗಡಗಡ ಹೇಳುತ್ತಾನೆ. ಕೊನೆಗೆ ಬಾಯಲ್ಲಿ ಆ ಹೂಸಿನ ಸದ್ದನ್ನೂ ಮಾಡುತ್ತಾನೆ. ಟೆಸ್ಸಾ ನಗುತ್ತಾಳೆ. ವ್ಯಾಂಕೂವರಿನ ಹುಡುಗಿ ಈಗ ಕೇಳಿದರೆ ಖಂಡಿತ ತೆಗೆದುಕೊಳ್ಳುತ್ತಾಳೆ.

ನಿನಗಾಗಿ ಅವನು ಹಳೆಯದನ್ನು ಹೇಳಲಿ ಅಂತ ನಾನೇ ಕೇಳಿದೆ. ನಿಜ ಹೇಳಬೇಕೆಂದರೆ, ಅದನ್ನು ನನಗೇ ಕೇಳಬೇಕಾಗಿತ್ತು. ಅಡುಗೆಮನೆಯ ಕುರ್ಚಿಯಲ್ಲಿ ಕೂತು ಪ್ರಯತ್ನಪಟ್ಟ. "ಎಲ್ರೂ ಹೋಗ್ಲಿ" ಅಂದು ನಿಲ್ಲಿಸಿದ. ನಾನು ಕಾದೆ. ಕೊನೆಗೆ ತಲೆಯಾಡಿಸಿ, "ಮುಂದಿಂದು ಆ ಬೊಂಬೇದೇ ಬರುತ್ತೆ ಕಣೇ" ಅಂದ.

ನೀನು ಡಿಸ್ಕನ್ನು ಕೊನೆಯವರೆಗೆ ಕೇಳಿದ್ದೀಯೋ ಇಲ್ಲವೋ. ಕಥೆ ಮುಗಿದ ಮೇಲೆ ಅವನಿಗೆ ಯಂತ್ರ ಆರಿಸಲು ಬಂದಿಲ್ಲ. ಕೋಟು ಸರಿಯುವ ಸದ್ದು, ಟೆಸ್ಸಾಳ ಸೀನು, ಬೀರುವಿನ ಬಾಗಿಲು. ಆಮೇಲೆ ಅಪ್ಪ ಮೈಕಿನ ಹತ್ತಿರ ಬಂದು, ನೀನು ಅದರೊಳಗೇ ಕೂತಿದ್ದೀಯೋ ಅನ್ನುವ ಹಾಗೆ ಮೆಲ್ಲಗೆ ಹೇಳುತ್ತಾನೆ: "ರೋಮಾ, ಸರಿಯಾಯ್ತಾ? ಸರಿಯಿಲ್ದಿದ್ರೆ... ಹೇಳು ಮಗಾ. ನಿಂಗೆ ಹೆಂಗ್ ಬೇಕೋ... ಹಂಗೇ ಹೇಳ್ತೀನಿ."

ವಿಮಾನ ನಿಲ್ದಾಣಕ್ಕೆ ಅವನೇ ಬರುತ್ತಾನಂತೆ. ನಿನ್ನನ್ನು ಕಂಡ ಕೂಡಲೇ ಎಲ್ಲರ ಮುಂದೆ ಆ ಹೊಸ ಧ್ವನಿಯಲ್ಲಿ ಕೂಗುತ್ತಾನೆ, ನಿನಗೆ ಖುಷಿಯಾಗಲಿ ಅಂತ ಟೆಸ್ಸಾ ಜೊತೆ ಸೇರಿ ಗುಟ್ಟಾಗಿ ತಯಾರಿ ಮಾಡಿಕೊಂಡಿದ್ದಾನೆ. ನೀನು ಅಳಕೂಡದು. ಅಲ್ಲಿ ನಿಂತು ನಗಬೇಕು, ಡಿವಿಡಿಯ ಆ ಕುರ್ಚಿಯಲ್ಲಿ ಕೂತು ನಕ್ಕೆಯಲ್ಲ, ಹಾಗೇ.

ನಿನ್ನ ಅಕ್ಕ,
ಲಾರಿಸಾ